ನೋವು ಫೋನಿನಲ್ಲಿ ಕಾಣುತ್ತದೆ, ಮಾರ್ಫಿನ್ ಬರುವುದಿಲ್ಲ

ಕೃಷ್ಣೆಯ ದಂಡೆಯಲ್ಲಿರುವ ದೇವದುರ್ಗ ತಾಲ್ಲೂಕಿನ ಗೂಗಲ್ ಊರಿನಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 400 ಕಿಲೋಮೀಟರಿಗೂ ಹೆಚ್ಚು ದೂರ. ಬಾಯಿ ಕ್ಯಾನ್ಸರ್ ಬಲಿತು, ಇನ್ನು ಗುಣವಾಗದೆಂದು ಊರಿಗೆ ಮರಳಿದವರು ಆ ದಾರಿಯನ್ನು ಮತ್ತೆ ಮತ್ತೆ ಸವೆಸಲಾರರು. ಅವರಿಗೆ ಬೇಕಾದದ್ದು ನೋವು, ದುರ್ವಾಸನೆ, ನಿದ್ದೆಗೇಡು ತಗ್ಗಿಸುವ ಉಪಶಾಮಕ ಆರೈಕೆ. ಇದರ ಬಹುಪಾಲು ಫೋನಿನಲ್ಲೇ ನಡೆಯಬಲ್ಲದು.

ದೂರದಿಂದ ಚಿಕಿತ್ಸೆ ಹೊಸತಲ್ಲ. 2002ರ ಸುಮಾರಿಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲು ಇಸ್ರೊ ಉಪಗ್ರಹವೇ ಬೇಕಾಯಿತು. 2019ರಲ್ಲಿ ಶುರುವಾದ ಸರ್ಕಾರದ ಟೆಲಿಮೆಡಿಸಿನ್ ಸೇವೆ ಇ-ಸಂಜೀವನಿ ಇಂಟರ್ನೆಟ್ಟಿನಲ್ಲೇ ನಡೆಯುತ್ತದೆ.

ವಿಡಿಯೊ ಕರೆ ಪ್ರತಿ ಚಿತ್ರವನ್ನೂ ಇಡಿಯಾಗಿ ಕಳಿಸುವುದಿಲ್ಲ. ಹಿಂದಿನ ಚಿತ್ರಕ್ಕಿಂತ ಬದಲಾದಷ್ಟನ್ನೇ ಹೆಚ್ಚಾಗಿ ಕಳಿಸುತ್ತದೆ. ಸಿಗ್ನಲ್ ಕುಗ್ಗಿದರೆ ಚಿತ್ರ ಮೊದಲು ಮಸುಕಾಗುತ್ತದೆ, ದನಿ ಉಳಿಯುತ್ತದೆ. ದನಿಯೂ ಬಹಳ ಹೇಳುತ್ತದೆ: ಒಂದು ಮಾತು ಮುಗಿಸಲು ಎಷ್ಟು ಸಲ ಉಸಿರೆಳೆದರು ಎಂಬುದರಿಂದಲೇ ಉಬ್ಬಸ ಗೊತ್ತಾಗುತ್ತದೆ. ಕ್ಯಾನ್ಸರ್ ಗಾಯಕ್ಕೆ ಮಾತ್ರ ಹಗಲು ಬೆಳಕಿನಲ್ಲಿ ತೆಗೆದ ಫೋಟೊ ವಿಡಿಯೊಗಿಂತ ಮೇಲು. ಹಳದಿ ಬಲ್ಬಿನಡಿ ಕೀವು, ಸತ್ತ ಮಾಂಸ, ಕೆಂಪು ಹೊಸ ಮಾಂಸ ಒಂದೇ ಬಣ್ಣವಾಗಿಬಿಡುತ್ತವೆ. ಅಂಥ ಗಾಯದ ನಾತಕ್ಕೆ ಮುಖ್ಯ ಕಾರಣ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾ. ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಗಾಯದ ಮೇಲೆ ಉದುರಿಸಲು ವೈದ್ಯರು ಹೇಳುವುದು ಅದಕ್ಕೇ. ನಾತ ಇಳಿದರೆ ಮೊಮ್ಮಕ್ಕಳು ಮತ್ತೆ ಹತ್ತಿರ ಬಂದು ಕೂರುತ್ತಾರೆ. ಇದು ಸಣ್ಣ ಚಿಕಿತ್ಸೆಯಲ್ಲ.

"ಯವ್ವಾ, ಬ್ಯಾನಿ ಎಷ್ಟದ?" ಎಂದು ವೈದ್ಯರು ಕೇಳಿದರೆ ಬಾಯಿ ತೆರೆಯಲಾಗದವರು ಕ್ಯಾಮೆರಾದ ಮುಂದೆ ಬೆರಳು ಎತ್ತಬಹುದು. ನೋವಿನ ಅಳತೆ ಸೊನ್ನೆಯಿಂದ ಹತ್ತು. ಎಂಟು ಬೆರಳು ಎದ್ದರೆ ಸಾಮಾನ್ಯವಾಗಿ ಮಾರ್ಫಿನ್ ಬೇಕು. ಬೆನ್ನುಹುರಿಯಲ್ಲೂ ಮಿದುಳಲ್ಲೂ ನೋವಿನ ಸಂದೇಶವನ್ನು ತಗ್ಗಿಸುವ ಈ ಔಷಧದ ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ತಾಸು. ಆದ್ದರಿಂದ ನೋವು ಬರಲೆಂದು ಕಾಯದೆ ಹೊತ್ತಿಗೆ ಸರಿಯಾಗಿ ನುಂಗಬೇಕು.

ಆದರೆ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಮಾದಕ ದ್ರವ್ಯ ಕಾಯ್ದೆಯಡಿಯ ಔಷಧಗಳನ್ನು ದೂರದಿಂದ ಬರೆದುಕೊಡುವುದನ್ನು ನಿಷೇಧಿಸಿದೆ. ಮಾರ್ಫಿನ್ ಅವುಗಳಲ್ಲೊಂದು. ದುರುಪಯೋಗದ ಭಯ ನಿಜ, ಆದರೂ ಆ ಭಯದ ಬೆಲೆಯನ್ನು ಹಾಸಿಗೆ ಹಿಡಿದವರು ತೆರುವುದು ನನಗೆ ಒಪ್ಪಿಗೆಯಿಲ್ಲ. ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದು ಸುಲಭವಾಗಲೆಂದು 2014ರಲ್ಲಿ ಕಾಯ್ದೆ ತಿದ್ದಲಾಯಿತು. ಹಾಗಾಗಿ ದೇವದುರ್ಗ, ಮಾನ್ವಿಯಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾರ್ಫಿನ್ ಸದಾ ಇರಬೇಕು, ರೋಗಿಯನ್ನು ಕಣ್ಣಾರೆ ನೋಡಿ ಚೀಟಿ ಬರೆಯುವ ತರಬೇತಾದ ವೈದ್ಯರೂ ಇರಬೇಕು. ಮಲಬದ್ಧತೆಗೆ ಔಷಧವನ್ನು ಜೊತೆಗೇ ಕೊಡಬೇಕು, ಏಕೆಂದರೆ ಮಾರ್ಫಿನ್ ಕರುಳನ್ನೂ ನಿಧಾನವಾಗಿಸುತ್ತದೆ. ಆಮೇಲಿನ ವಿಚಾರಣೆಯನ್ನು ಆಶಾ ಕಾರ್ಯಕರ್ತೆಯ ಫೋನಿನಲ್ಲೇ ಮಾಡಬಹುದು: ನಿದ್ದೆ ಬಂತೇ, ಮಲವಿಸರ್ಜನೆ ಆಯಿತೇ, ಈಗ ಎಷ್ಟು ಬೆರಳು?