‘ಫಾಲ್ಸ್’ ಎಂಬ ಮಾತು

ಪರಭಾಷೆಯ ಶಬ್ದಗಳು ಕನ್ನಡದಲ್ಲಿ ಬಂದು ನೆಲೆಸುವದು ಹೊಸ ಸಂಗತಿಯಲ್ಲ. ದಫ್ತರ, ಅರ್ಜಿ, ತಕರಾರುಗಳನ್ನು ಪಾರಸಿ-ಅರಬ್ಬಿಗಳಿಂದ ಪಡೆದೆವು. ಚಾವಿ, ಬಟಾಟೆಗಳನ್ನು ಪೋರ್ತುಗೀಜರಿಂದ ಪಡೆದೆವು. ಇವಿಲ್ಲದೆ ಇಂದು ನಮ್ಮ ಕಚೇರಿಯೂ ನಡೆಯದು, ಮನೆಯೂ ನಡೆಯದು. ಆದಕಾರಣ ಶಬ್ದವೊಂದು ಪರಕೀಯವೆಂಬ ಒಂದೇ ಕಾರಣದಿಂದ ಅದನ್ನು ಹೊರದೂಡಬೇಕೆಂದು ನಾವು ಹೇಳುವವರಲ್ಲ. ಬಂದ ಅತಿಥಿಯು ಬರಿದಾಗಿದ್ದ ಮಣೆಯ ಮೇಲೆ ಕುಳಿತನೋ, ಕುಳಿತಿದ್ದ ಮನೆಯವನನ್ನು ಎಬ್ಬಿಸಿ ಕುಳಿತನೋ ಎಂಬದಷ್ಟೇ ನಮ್ಮ ಪ್ರಶ್ನೆ.

ಇಂಗ್ಲಿಷಿನ ‘ಫಾಲ್’ ಎಂಬ ಶಬ್ದವನ್ನೇ ನೋಡೋಣ. ಬೀಳುವದು ಎಂಬದು ಅದರ ಮೂಲಾರ್ಥ. ಆ ಭಾಷೆಯಲ್ಲಿ ಎಲೆ ಬೀಳುತ್ತದೆ, ದರ ಬೀಳುತ್ತದೆ, ಮಂತ್ರಿಮಂಡಲ ಬೀಳುತ್ತದೆ, ರಾತ್ರಿಯೂ ಬೀಳುತ್ತದೆ. ಅಮೇರಿಕೆಯವರು ಎಲೆಯುದುರುವ ಋತುವಿಗೇ ಆ ಹೆಸರಿಟ್ಟಿದ್ದಾರೆ. ನಮ್ಮ ‘ಬೀಳು’ ಇದಕ್ಕೆ ಏನೂ ಕಡಿಮೆಯಲ್ಲ. ಮಳೆ ಬೀಳುತ್ತದೆ, ಕನಸು ಬೀಳುತ್ತದೆ, ವಸ್ತು ಕಣ್ಣಿಗೆ ಬೀಳುತ್ತದೆ. ಉಳದೆ ಬಿಟ್ಟ ಹೊಲವು ಬೀಳಾಗುತ್ತದೆ. ಆದ್ದರಿಂದಲೇ ಈ ಕ್ರಿಯಾಪದವನ್ನು ಕನ್ನಡಿಗನು ಎರವಲು ತರಲಿಲ್ಲ. ತಂದದ್ದು ‘ಫಾಲ್ಸ್’ ಎಂಬ ನಾಮಪದವನ್ನು ಮಾತ್ರ. ಅದು ಇಂಗ್ಲಿಷಿನಲ್ಲಿ ಬಹುವಚನ; ನಾವು ಅದನ್ನು ಏಕವಚನವೆಂದು ತಿಳಿದು, ಮೇಲೆ ಇನ್ನೊಂದು ‘ಗಳು’ ಹಚ್ಚಿ ‘ಫಾಲ್ಸುಗಳು’ ಎನ್ನುತ್ತೇವೆ!

ಇಂದು ಪೇಟೆಯಲ್ಲಿ ಈ ಶಬ್ದಕ್ಕೆ ಮೂರು ಕೆಲಸಗಳುಂಟು. ಸೀರೆಯ ಕೆಳಅಂಚಿಗೆ ಒಳಗಿನಿಂದ ಹಚ್ಚುವ ಬಟ್ಟೆಯ ಪಟ್ಟಿ ಒಂದು ಫಾಲ್ಸು. ನೆರಿಗೆ ಚೆನ್ನಾಗಿ ಇಳಿಬೀಳಲೆಂದು ಅದನ್ನು ಹಚ್ಚುವರು. ಇದು ಹೊಸ ವಸ್ತು, ಅದಕ್ಕೆ ಹೊಸ ಹೆಸರು. ಯಾರ ತಕರಾರೂ ಇರಬೇಕಾಗಿಲ್ಲ. ಮಾಳಿಗೆಯ ಕೆಳಗೆ ತೋರಿಕೆಗಾಗಿ ಕಟ್ಟುವ ‘ಫಾಲ್ಸ್ ಸೀಲಿಂಗ್’ ಎರಡನೆಯದು. ಸುಳ್ಳು ಎಂಬರ್ಥದ ಬೇರೆಯೇ ಇಂಗ್ಲಿಷ್ ಶಬ್ದವು ನಮ್ಮ ಲಿಪಿಯಲ್ಲಿ ಇದೇ ವೇಷ ತೊಟ್ಟಿರುವದು. ಮೂರನೆಯದು, ಬೆಟ್ಟದಿಂದ ಧುಮುಕುವ ನೀರು. ನಮ್ಮ ತಕರಾರು ಈ ಮೂರನೆಯದರ ಮೇಲೆ.

ಯಲ್ಲಾಪುರ ತಾಲೂಕಿನ ಮಾಗೋಡಿನಲ್ಲಿ ಬೇಡ್ತಿ ಹೊಳೆಯು ಸುಮಾರು 200 ಮೀಟರು ಆಳದ ಕಣಿವೆಗೆ ಎರಡು ನೆಗೆತಗಳಲ್ಲಿ ಇಳಿಯುತ್ತದೆ. ಧಾರವಾಡದ ಬಯಲಿನ ನೀರನ್ನು ಹೊತ್ತು ತಂದು, ಇಲ್ಲಿ ಘಟ್ಟವಿಳಿದು, ಗಂಗಾವಳಿಯೆಂಬ ಹೆಸರಿನಿಂದ ಕಡಲನ್ನು ಸೇರುವ ಹೊಳೆಯಿದು. ನೋಡಬಂದವರ ಬಾಯಲ್ಲಿ ಇದು ‘ಮಾಗೋಡು ಫಾಲ್ಸ್’. ಸಿದ್ಧಾಪುರ ತಾಲೂಕಿನಲ್ಲಿ ಅಘನಾಶಿನಿಯು 116 ಮೀಟರು ಧುಮುಕುವ ಉಂಚಳ್ಳಿಯದಂತೂ ಇನ್ನೂ ವಿಚಿತ್ರ ಕಥೆ. 1845ರಲ್ಲಿ ಲಷಿಂಗ್ಟನ್ ಎಂಬ ಬ್ರಿಟಿಷ್ ಕಲೆಕ್ಟರನು ಅದನ್ನು ‘ಕಂಡುಹಿಡಿದ’ನಂತೆ, ಅಂದಿನಿಂದ ಪುಸ್ತಕಗಳಲ್ಲಿ ಅದು ‘ಲಷಿಂಗ್ಟನ್ ಫಾಲ್ಸ್’. ಸುತ್ತಲಿನ ಹಳ್ಳಿಗರಾದರೋ ಅದರ ಭೋರ್ಗರೆತದಲ್ಲಿ ಬೇರೊಂದು ಮಾತು ಕೇಳಿಸದೆ, ‘ಕೆಪ್ಪ ಜೋಗ’ವೆಂದು ಕರೆದಿದ್ದರು. ಸಾಹೇಬನ ಹೆಸರಿನಿಂದ ಸಾಹೇಬನ ವಿಷಯ ತಿಳಿದೀತು. ಕೆಪ್ಪ ಜೋಗವೆಂದರೆ ನೀರಿನ ವಿಷಯ ತಿಳಿಯುವದು.

ಇಂಥ ಹೆಸರುಗಳು ನಮ್ಮಲ್ಲಿ ಎಷ್ಟಿಲ್ಲ! ಅದೇ ಸಿದ್ಧಾಪುರದ ಕಡೆಗೆ ಬುರುಡೆ ಜೋಗವುಂಟು. ಕಾವೇರಿಗೆ ಗಗನಚುಕ್ಕಿ, ಭರಚುಕ್ಕಿಗಳುಂಟು. ತುಂತುರು ಹೊಗೆಯಂತೆ ಏಳುವಲ್ಲಿ ಹೊಗೆನಕಲ್ಲು ಉಂಟು. ಸದ್ದಿನಿಂದಲೇ ಹುಟ್ಟಿದ ‘ಧಬಧಬೆ’ ಎಂಬ ಮಾತು ಉತ್ತರದ ಜಿಲ್ಲೆಗಳಲ್ಲುಂಟು. ಮಲೆನಾಡಿನಲ್ಲಿ ಗುಡ್ಡದಿಂದ ಮನೆಯಂಗಳಕ್ಕೆ ಹರಿದು ಬೀಳುವ ನೀರು ‘ಅಬ್ಬಿ’. ಕೊಡಗಿನ ಮಡಿಕೇರಿಯ ಹತ್ತಿರದ್ದೂ ಅಬ್ಬಿಯೇ. ಅದನ್ನು ‘ಅಬ್ಬಿ ಫಾಲ್ಸ್’ ಎನ್ನುವದೆಂದರೆ ನೀರನ್ನು ಎರಡು ಸಲ ಬೀಳಿಸಿದಂತೆ. ‘ಜಲಪಾತ’ವೆಂಬ ಸಂಸ್ಕೃತ ಪದವೂ ನೀರು ಬೀಳುತ್ತದೆ ಎಂಬಷ್ಟನ್ನೇ ಹೇಳುವದೆಂದು ನಾವು ಒಪ್ಪುತ್ತೇವೆ, ಗ್ರಂಥದಲ್ಲಿ ಅದು ಬೇಕು, ಊರಿನ ಹೆಸರನ್ನು ಅಳಿಸಲು ಬೇಡ.

ಇದು ಬರಿಯ ಪಂಡಿತರ ಜಗಳವೆಂದು ಅಧಿಕಾರಿವರ್ಗದವರು ಭಾವಿಸಬಾರದು. ‘ಫಾಲ್ಸ್’ ಎನ್ನುವವನ ಕಣ್ಣಿಗೆ ಬೀಳುವದು ಬಂಡೆಯ ಮೇಲಿನ ಒಂದು ಬಿಳಿಯ ಗೆರೆ. ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುವದು ಎಂಬ ವಿಚಾರವು ಅವನಿಗೆ ಬೇಡ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಆಣೆಕಟ್ಟು ಮುಗಿಯಿತು. ನಾಡಿಗೆ ಅದರ ವಿದ್ಯುತ್ತು ಬೇಕಾಗಿತ್ತೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಬೇಸಗೆಯಲ್ಲಿ ಜೋಗಕ್ಕೆ ಹೋದವನು ‘ಫಾಲ್ಸಿನಲ್ಲಿ ನೀರೇ ಇಲ್ಲ’ವೆಂದು ಟಿಕೇಟಿನ ಹಣಕ್ಕಾಗಿ ಮರುಗುವನು, ಹೊಳೆಗಾಗಿ ಮರುಗುವವರು ವಿರಳ.

ಬೇಡ್ತಿಯು ಆ ಗತಿಯಿಂದ ಉಳಿದದ್ದು ಅದನ್ನು ಹೊಳೆಯೆಂದು ತಿಳಿದವರಿಂದ. ಅದಕ್ಕೂ ಜಲವಿದ್ಯುತ್ತಿನ ಯೋಜನೆ ಸಿದ್ಧವಾದಾಗ, 1981ರಲ್ಲಿ ಶಿರಸಿಯ ತೋಟಗಾರರ ಸಹಕಾರಿ ಸಂಘವು ವಿಜ್ಞಾನಿಗಳನ್ನು ಕರೆಸಿ ಗೋಷ್ಠಿ ನಡೆಸಿತು. ಮುಳುಗುವ ತೋಟವೆಷ್ಟು, ಕಾಡೆಷ್ಟು, ಬರುವ ಲಾಭವೆಷ್ಟು ಎಂದು ಅಲ್ಲಿ ಲೆಕ್ಕ ಹಾಕಲಾಯಿತು. ಯೋಜನೆಯು ನಿಂತಿತು. ಅಡಿಕೆ ಬೆಳೆಯುವ ಒಕ್ಕಲಿಗೆ ಬೇಡ್ತಿಯು ನೋಟದ ವಸ್ತುವಾಗಿರಲಿಲ್ಲ, ಬದುಕಿನ ನೀರಾಗಿತ್ತು. ಈಚಿನ ವರುಷಗಳಲ್ಲಿ ಬೇಡ್ತಿ-ವರದೆಯರನ್ನು ಜೋಡಿಸುವ ಮಾತು ಮತ್ತೆ ಎದ್ದಾಗಲೂ ಮೊದಲು ಎಚ್ಚತ್ತವರು ಇಂಥ ಜನರೇ.

ಆದುದರಿಂದ ಅರಣ್ಯ, ಪ್ರವಾಸೋದ್ಯಮ ಮತ್ತು ಲೋಕೋಪಯೋಗಿ ಇಲಾಖೆಗಳವರಲ್ಲಿ ನಮ್ಮ ಸೂಚನೆ ಇಷ್ಟೇ. ದಾರಿಯ ಫಲಕಗಳಲ್ಲಿ ಊರಿನವರು ಇಟ್ಟ ಹೆಸರನ್ನು ಮೊದಲು ಬರೆಯಿರಿ. ಅದರ ಕೆಳಗೆ ಹೊಳೆಯ ಹೆಸರನ್ನೂ, ಅದು ಹುಟ್ಟುವ ಮತ್ತು ಕಡಲು ಸೇರುವ ಸ್ಥಳಗಳನ್ನೂ ಬರೆಯಿರಿ. ಇಂಗ್ಲಿಷು ಬಲ್ಲ ಪ್ರವಾಸಿಗನಿಗಾಗಿ ‘ಫಾಲ್ಸ್’ ಎಂಬದು ಕೊನೆಯಲ್ಲಿ ಇದ್ದುಕೊಳ್ಳಲಿ. ಇದಕ್ಕೆ ತಗಲುವದು ಒಂದಿಷ್ಟು ಬಣ್ಣ ಮಾತ್ರ. ಶಾಲೆಯ ಗುರುಗಳು ಮಕ್ಕಳನ್ನು ಮಾಗೋಡಿಗೆ ಕರೆದೊಯ್ದಾಗ ನೀರು ಎಷ್ಟು ಎತ್ತರದಿಂದ ಬೀಳುವದೆಂದು ಹೇಳಿ ಸುಮ್ಮನಾಗದೆ, ಅದು ಯಾರ ಹೊಲ ದಾಟಿ ಬಂತು, ಯಾರ ತೋಟಕ್ಕೆ ಹೋಗುವದು ಎಂಬದನ್ನೂ ಹೇಳಲಿ. ಬೀಳುವದು ನೀರಿನ ಒಂದು ಗಳಿಗೆಯ ಕೆಲಸ. ಹರಿಯುವದು ಅದರ ಜನ್ಮದ ಕೆಲಸ.