ಪರದೇಶದಲ್ಲಿ ಬಾಡಿಗೆ ಬೈಕು: ವಿಮೆಗಿಂತ ಮೊದಲು ಪರವಾನಗಿ



ವಿಮೆಯ ಮಾತು ಬಂದಾಗ ನಮ್ಮ ಹಿರಿಯರ ಬಾಯಲ್ಲಿ ಬರುವ ಪದ 'ಯೋಗಕ್ಷೇಮ'. ಭಾರತೀಯ ಜೀವ ವಿಮಾ ನಿಗಮವು ಮುಂಬಯಿಯ ತನ್ನ ಕೇಂದ್ರ ಕಚೇರಿಗೆ ಇದೇ ಹೆಸರನ್ನಿಟ್ಟಿದೆ. ಇಲ್ಲದುದನ್ನು ಗಳಿಸುವುದು ಯೋಗ, ಗಳಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಊರು ಬಿಟ್ಟು ಕುವೈತಿಗೆ ಬಂದು ದುಡಿಯುತ್ತಿರುವ ನಾವು ಯೋಗದ ಕಡೆಗೆ ಕೊಡುವಷ್ಟು ಗಮನವನ್ನು ಕ್ಷೇಮದ ಕಡೆಗೆ ಕೊಡುವುದಿಲ್ಲ. ಇಂದು ಸಲ್ವಾದ ಈ ಸಭೆಯಲ್ಲಿ ಕ್ಷೇಮಕ್ಕೆ ಸಂಬಂಧಿಸಿದ ಒಂದು ಚಿಕ್ಕ ವಿಷಯವನ್ನು ಮಾತ್ರ ತಮ್ಮ ಮುಂದಿಡುತ್ತೇನೆ.

ಈದ್ ರಜೆಯಲ್ಲಿಯೂ ಬೇಸಗೆಯ ರಜೆಯಲ್ಲಿಯೂ ಇಲ್ಲಿಯ ನಮ್ಮ ಕುಟುಂಬಗಳು ಶ್ರೀಲಂಕೆಗೋ ಥಾಯ್ಲೆಂಡಿಗೋ ವಿಯೆಟ್ನಾಮಿಗೋ ಹೋಗುತ್ತವೆ; ಊರಿಗೆ ಹೋದವರು ಗೋವೆಯನ್ನೂ ನೋಡಿ ಬರುತ್ತಾರೆ. ಅಲ್ಲೆಲ್ಲ ಹೋಟೆಲಿನ ಬಾಗಿಲಲ್ಲೇ ಬಾಡಿಗೆ ಬೈಕುಗಳು ಸಾಲಾಗಿ ನಿಂತಿರುತ್ತವೆ. ಕುವೈತಿನಲ್ಲಿ ನಮ್ಮ ಸಂಚಾರವೆಲ್ಲ ಕಾರಿನಲ್ಲಿ. ಇಲ್ಲಿ ಬೈಕು ಎಂದರೆ ಮನೆಮನೆಗೆ ಊಟ ತಲುಪಿಸುವ ಹುಡುಗರ ವಾಹನ. ಆದರೂ ಕಾಲೇಜಿನ ದಿನಗಳಲ್ಲಿ ಬೈಕು ಓಡಿಸಿದ ಕೈಗೆ ಆ ಸಾಲನ್ನು ಕಂಡೊಡನೆ ಹಳೆಯ ಉತ್ಸಾಹ ಮರುಕಳಿಸುತ್ತದೆ. ಅಂಗಡಿಯವನು ಕೀಲಿಕೈ ಕೊಡುತ್ತಾನೆ, "ಇನ್ಶೂರೆನ್ಸ್ ಇದೆ" ಎನ್ನುತ್ತಾನೆ. ನಮ್ಮ ಚೀಲದಲ್ಲಿ ಟ್ರಾವೆಲ್ ಏಜೆಂಟರು ಕೊಟ್ಟ ಪ್ರವಾಸ ವಿಮೆಯೂ ಇರುತ್ತದೆ. ಎರಡು ವಿಮೆಗಳಿವೆಯೆಂಬ ಧೈರ್ಯದಲ್ಲಿ ಹೊರಡುತ್ತೇವೆ. ಎರಡೂ ಕೈಕೊಡುವ ಸಂದರ್ಭ ಹೇಗೆ ಬರುತ್ತದೆಂಬುದೇ ಇಂದಿನ ವಿಷಯ.

ಮೊದಲಿಗೆ ನಮ್ಮ ನಾಡಿನದೇ ಒಂದು ಪ್ರಕರಣ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಿಂದ ತನ್ನ ಊರಾದ ಗುಡೂರಿಗೆ ಒಬ್ಬ ವ್ಯಕ್ತಿ ಪರಿಚಿತರ ಮೋಟಾರ್ ಸೈಕಲನ್ನು ಎರವಲು ಪಡೆದು ಹೊರಟಿದ್ದ. ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿ ಹಠಾತ್ತನೆ ನಿಂತಿತು. ಬೈಕು ಅದಕ್ಕೆ ಬಡಿದು ಆತ ತೀರಿಕೊಂಡ. ಬೈಕಿಗೆ ವಿಮೆ ಇತ್ತು. ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಪರಿಹಾರ ಕೇಳಲು ಅವಕಾಶವಿತ್ತ ಅಂದಿನ 163-ಎ ಕಲಮಿನ ಅಡಿಯಲ್ಲಿ ಮನೆಯವರು ಅರ್ಜಿ ಹಾಕಿದರು. ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ವಾಹನವನ್ನು ಎರವಲು ಪಡೆದವನು ಅದರ ಮಾಲೀಕನ ಸ್ಥಾನದಲ್ಲಿಯೇ ನಿಲ್ಲುತ್ತಾನೆ. ಪರಿಹಾರ ಕೊಡಬೇಕಾದವನೂ ಪಡೆಯಬೇಕಾದವನೂ ಒಬ್ಬನೇ ಆಗಲಾರ. ಆದುದರಿಂದ ಆ ಕಲಮಿನ ಅಡಿಯಲ್ಲಿ ಅವನ ವಾರಸುದಾರರಿಗೆ ಪರಿಹಾರ ಸಲ್ಲದು ಎಂದು 2009ರಲ್ಲಿ ನ್ಯಾಯಾಲಯ ಹೇಳಿತು. ಬೇರೆ ಕಲಮಿನ ಅಡಿಯಲ್ಲಿ ಪರಿಶೀಲಿಸುವಂತೆ ಪ್ರಕರಣವನ್ನು ಉಚ್ಚ ನ್ಯಾಯಾಲಯಕ್ಕೆ ಮರಳಿಸಿತು. 2020ರ ಇನ್ನೊಂದು ತೀರ್ಪಿನಲ್ಲಿಯೂ ಇದೇ ತತ್ತ್ವ ಉಳಿಯಿತು.

ಅದು ಎರವಲಿನ ಪ್ರಕರಣವೇ ಹೊರತು ಬಾಡಿಗೆಯದಲ್ಲ. ದೇಶದೇಶಕ್ಕೂ ಕಾನೂನು ಬೇರೆ. ಆದರೆ ಅದು ಕಲಿಸುವ ಪಾಠ ಎಲ್ಲೆಡೆಗೂ ಸಲ್ಲುತ್ತದೆ. ಬೈಕಿಗೆ ವಿಮೆ ಇದೆಯೆಂದರೆ ಬೈಕನ್ನು ಓಡಿಸುವವನಿಗೆ ವಿಮೆ ಇದೆಯೆಂದು ಅರ್ಥವಲ್ಲ. ಕಾನೂನು ಕಡ್ಡಾಯಗೊಳಿಸುವ ವಿಮೆಯು ಮುಖ್ಯವಾಗಿ ಮೂರನೆಯ ವ್ಯಕ್ತಿಗಾಗಿ, ಅಂದರೆ ನಮ್ಮ ವಾಹನದಿಂದ ಪೆಟ್ಟುತಿಂದ ದಾರಿಹೋಕನಿಗಾಗಿ ಇದೆ. ಭಾರತದಲ್ಲಿ 1988ರ ಮೋಟಾರು ವಾಹನಗಳ ಕಾಯ್ದೆಯ 146ನೆಯ ಕಲಮು ಇದನ್ನೇ ವಿಧಿಸುತ್ತದೆ. 2018ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು 15 ಲಕ್ಷ ರೂಪಾಯಿಗೆ ಏರಿಸಿದ ವೈಯಕ್ತಿಕ ಅಪಘಾತ ವಿಮೆಯೂ ವಾಹನದ ಮಾಲೀಕನಾಗಿ ಅದನ್ನು ಓಡಿಸುವವನಿಗೆ ಮೀಸಲು. ಬಾಡಿಗೆಗೆ ಪಡೆದವನು ಮಾಲೀಕನಲ್ಲ.

ಹೀಗಾಗಿ ನಾವು ನಾಲ್ಕು ಪ್ರಶ್ನೆಗಳನ್ನು ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು. ಓಡಿಸಲು ನನಗೆ ಕಾನೂನಿನ ಹಕ್ಕಿದೆಯೇ? ನನ್ನಿಂದ ಬೇರೆಯವರಿಗೆ ಪೆಟ್ಟಾದರೆ ಹಣ ಯಾರು ಕೊಡುತ್ತಾರೆ? ನನಗೇ ಪೆಟ್ಟಾದರೆ ಯಾರು ಕೊಡುತ್ತಾರೆ? ಬೈಕು ಹಾಳಾದರೆ ಅಥವಾ ಕಳುವಾದರೆ ಯಾರು ಕೊಡುತ್ತಾರೆ? ಒಂದೇ ಕಾಗದ ಈ ನಾಲ್ಕಕ್ಕೂ ಉತ್ತರವಾಗುವುದು ಅಪರೂಪ.

ಮೊದಲನೆಯದು ಪರವಾನಗಿ. ಉಳಿದ ಮೂರೂ ಇದರ ಮೇಲೆಯೇ ನಿಂತಿವೆ. ಕುವೈತಿನ ಕಾರು ಲೈಸೆನ್ಸು ಮೋಟಾರ್ ಸೈಕಲಿಗೆ ಸಲ್ಲುವುದಿಲ್ಲ. ಅದಕ್ಕೆ ಪ್ರತ್ಯೇಕ ಲೈಸೆನ್ಸು ಬೇಕು. ಇಲ್ಲಿ ಇಪ್ಪತ್ತು ವರ್ಷ ಕಾರು ಓಡಿಸಿದ ಅನುಭವವಿದ್ದರೂ ಥಾಯ್ಲೆಂಡಿನ ಪೊಲೀಸರ ಮುಂದೆ, ವಿಮಾ ಕಂಪನಿಯ ಮುಂದೆ ನಾವು ಬೈಕಿನ ಲೈಸೆನ್ಸು ಇಲ್ಲದವರೇ. "ಊರಿನ ಲೈಸೆನ್ಸು ಇದೆಯಲ್ಲ" ಎಂದು ತಮ್ಮಲ್ಲಿ ಹಲವರು ಹೇಳಬಹುದು. ದಯವಿಟ್ಟು ಅದನ್ನು ತೆಗೆದು ಅವಧಿಯನ್ನು ನೋಡಿಕೊಳ್ಳಿ. 2019ರ ತಿದ್ದುಪಡಿಯ ಪ್ರಕಾರ ಅವಧಿ ಮುಗಿದು ಒಂದು ವರ್ಷದೊಳಗೆ ನವೀಕರಿಸದಿದ್ದರೆ ಮತ್ತೆ ಚಾಲನಾ ಪರೀಕ್ಷೆಗೆ ನಿಲ್ಲಬೇಕು. ಅವಧಿಗೆ ಒಂದು ವರ್ಷ ಮೊದಲೇ ನವೀಕರಿಸಲು ಅವಕಾಶವೂ ಇದೆ. ರಜೆಯಲ್ಲಿ ಊರಿಗೆ ಹೋದಾಗ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಇದೂ ಇರಲಿ.

ಇದರ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕಾಗುತ್ತದೆ. ಅದು ಸ್ವತಂತ್ರ ಲೈಸೆನ್ಸಲ್ಲ, ಮೂಲ ಲೈಸೆನ್ಸಿನ ಅನುವಾದ ಮಾತ್ರ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು. ಅದರಲ್ಲಿ ಮೋಟಾರ್ ಸೈಕಲಿನ 'ಎ' ವರ್ಗದ ಎದುರು ಮುದ್ರೆ ಇರಬೇಕು. ಕಾರಿನ 'ಬಿ' ವರ್ಗಕ್ಕೆ ಮಾತ್ರ ಮುದ್ರೆ ಬಿದ್ದಿದ್ದರೆ ಪ್ರಯೋಜನವಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ರಸ್ತೆ ಸಂಚಾರಕ್ಕೆ ಸಂಬಂಧಿಸಿ 1949ರ ಜಿನೀವಾ ಒಪ್ಪಂದ ಮತ್ತು 1968ರ ವಿಯೆನ್ನಾ ಒಪ್ಪಂದ ಎಂದು ಎರಡಿವೆ. ಭಾರತವು ಕೊಡುವ ಪರವಾನಗಿ 1949ರ ಒಪ್ಪಂದದ್ದು, ಒಂದು ವರ್ಷ ನಡೆಯುತ್ತದೆ. ವಿಯೆಟ್ನಾಂ ಸೇರಿರುವುದು 1968ರ ಒಪ್ಪಂದಕ್ಕೆ. ಆದ್ದರಿಂದ ಭಾರತದ ಪರವಾನಗಿಯಿಂದ ಅಲ್ಲಿ ಬೈಕು ಓಡಿಸುವ ಹಕ್ಕು ಸಿಗುವುದಿಲ್ಲ, ಅಂಗಡಿಯವನು ಬಾಡಿಗೆಗೆ ಕೊಟ್ಟರೂ ಕೂಡ. ಶ್ರೀಲಂಕೆಯಲ್ಲಿ ಹೊರಗಿನ ಪರವಾನಗಿಯೊಂದೇ ಸಾಲದು. ಅಲ್ಲಿಯ ಮಾನ್ಯತೆಯನ್ನೂ ಪಡೆಯಬೇಕು. ಬಾಡಿಗೆ ಅಂಗಡಿಯವನು ಲೈಸೆನ್ಸು ಕೇಳಲಿಲ್ಲವೆಂಬುದು ಲೈಸೆನ್ಸು ಬೇಡವೆಂಬುದಕ್ಕೆ ಸಾಕ್ಷಿಯಲ್ಲ. ಅಪಘಾತವಾದ ಮೇಲೆ ಅದನ್ನು ಕೇಳುವವರು ಬೇರೆಯೇ ಇದ್ದಾರೆ.

ಎರಡನೆಯದು ಬೇರೆಯವರಿಗೆ ಆಗುವ ಹಾನಿ. ಇದಕ್ಕೆ ಆಧಾರ ಬೈಕಿನ ವಿಮೆಯೇ. ಥಾಯ್ಲೆಂಡಿನಲ್ಲಿ 1992ರ ಕಾನೂನಿನಂತೆ ಪ್ರತಿ ವಾಹನಕ್ಕೂ ಕಡ್ಡಾಯ ವಿಮೆ ಇರಬೇಕು. ಆದರೆ ಅದು ದೇಹಕ್ಕಾದ ಗಾಯಗಳಿಗೆ ಸೀಮಿತ, ಎದುರಿನವರ ಕಾರು ನಜ್ಜುಗುಜ್ಜಾದರೆ ಅದರಿಂದ ದುಡ್ಡು ಬಾರದು. ಅಂಗಡಿಯವನು "ಇದೆ" ಎಂದ ವಿಮೆ ಇಷ್ಟೇ ಆಗಿರಬಹುದು. ನಮ್ಮ ಪ್ರವಾಸ ವಿಮೆಯಲ್ಲಿ 'ವೈಯಕ್ತಿಕ ಹೊಣೆ' ಎಂಬ ಭಾಗವನ್ನು ಕಂಡು ಸಮಾಧಾನ ಪಡುವವರಿದ್ದಾರೆ. ಮೋಟಾರು ವಾಹನ ಓಡಿಸುವುದರಿಂದ ಹುಟ್ಟುವ ಹೊಣೆಯನ್ನು ಆ ಭಾಗದಿಂದ ಹೊರಗಿಡುವುದು ವಿಮಾ ಕಂಪನಿಗಳ ಸಾಮಾನ್ಯ ಕ್ರಮ. ಆದ್ದರಿಂದ ಬೈಕಿನ ಪಾಲಿಸಿಯ ಪ್ರತಿಯನ್ನೇ ಕೇಳಿ ನೋಡಬೇಕು: ಅವಧಿ ಜಾರಿಯಲ್ಲಿದೆಯೇ, ಬಾಡಿಗೆಗೆ ಕೊಡಲು ಅನುಮತಿ ಇದೆಯೇ ಎಂದು.

ಗೋವೆಗೆ ಹೋಗುವವರಿಗೂ ಇದೇ ಮಾತು. ಭಾರತದಲ್ಲಿ ಬೈಕು ಬಾಡಿಗೆಗೆ ಕೊಡಲು 1997ರ ಯೋಜನೆಯೊಂದರ ಅಡಿಯಲ್ಲಿ ಲೈಸೆನ್ಸು ಪಡೆಯಬೇಕು. ಹೀಗೆ ಬಾಡಿಗೆಗೆಂದೇ ನೋಂದಾಯಿಸಿದ ಬೈಕಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುತ್ತವೆ. ಬಿಳಿ ಫಲಕದ ಸ್ವಂತ ಬೈಕನ್ನು ಬಾಡಿಗೆಗೆ ಓಡಿಸಿದರೆ ಅದರ ಪಾಲಿಸಿಯ ಷರತ್ತು ಮುರಿದಂತೆ. ಓಡಿಸಿದವನಿಗೆ ತಕ್ಕ ಲೈಸೆನ್ಸು ಇಲ್ಲದಿದ್ದಾಗ ಗಾಯಗೊಂಡವನಿಗೆ ವಿಮಾ ಕಂಪನಿ ಮೊದಲು ಹಣ ಕೊಟ್ಟು, ಬಳಿಕ ಅದನ್ನು ಪಾಲಿಸಿದಾರನಿಂದ ವಸೂಲು ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ವಿವರಿಸಿದೆ. ಆ ಪಾಲಿಸಿದಾರನು ಕಡೆಗೆ ಯಾರ ಮನೆಯ ಬಾಗಿಲಿಗೆ ಬಂದಾನೆಂಬುದನ್ನು ತಾವೇ ಊಹಿಸಬಲ್ಲಿರಿ.

ಮೂರನೆಯದು ನಮ್ಮ ದೇಹ. ಪ್ರವಾಸ ವಿಮೆಯ ನಿಜವಾದ ಕೆಲಸ ಇಲ್ಲಿದೆ. 1999ರ 1ನೆಯ ಕಾನೂನಿನಂತೆ ಇಕಾಮಾದ ಜೊತೆಗೆ ನಾವು ಕಟ್ಟುವ ಆರೋಗ್ಯ ವಿಮೆ ಕುವೈತಿನೊಳಗಿನ ಚಿಕಿತ್ಸೆಗಾಗಿ. ಗಡಿಯಾಚೆ ಅದನ್ನು ನೆಚ್ಚುವಂತಿಲ್ಲ. ಯೂರೋಪಿನ ಶೆಂಗೆನ್ ವೀಸಾಕ್ಕೆ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯವಾಗಿರುವುದರಿಂದ ಅಲ್ಲಿಗೆ ಹೋಗುವವರೆಲ್ಲ ಪಾಲಿಸಿ ಮಾಡಿಸುತ್ತಾರೆ. ಆದರೆ ಆ ಮೊತ್ತ ವೀಸಾ ಕಚೇರಿಯ ಅಗತ್ಯ. ಬೈಕಿನಿಂದ ಬಿದ್ದವರಿಗೆ ಆ ಪಾಲಿಸಿ ಸಲ್ಲುತ್ತದೆಯೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ.

ಉತ್ತರವಿರುವುದು ಪಾಲಿಸಿಯ ಕೊನೆಯಲ್ಲಿ, ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ 'ಸಲ್ಲದ ಬಾಬುಗಳು' ಎಂಬ ಭಾಗದಲ್ಲಿ. ಕೆಲವು ಪಾಲಿಸಿಗಳು ಮೋಟಾರ್ ಸೈಕಲನ್ನು ಪೂರ್ತಿ ಹೊರಗಿಡುತ್ತವೆ. ಕೆಲವು ಸಣ್ಣ ಎಂಜಿನ್ನಿನ ಬೈಕಿಗೆ ಮಾತ್ರ, ಉದಾಹರಣೆಗೆ 125 ಸಿಸಿವರೆಗೆ, ಒಪ್ಪುತ್ತವೆ. ಕೆಲವು ಹೆಚ್ಚುವರಿ ಪ್ರೀಮಿಯಂ ಪಡೆದು ಸೇರಿಸಿಕೊಳ್ಳುತ್ತವೆ. ಒಪ್ಪುವ ಪಾಲಿಸಿಗಳೂ ಸಾಮಾನ್ಯವಾಗಿ ಮೂರು ಷರತ್ತು ಹಾಕುತ್ತವೆ: ಆ ದೇಶದಲ್ಲಿ ಸಲ್ಲುವ ಲೈಸೆನ್ಸು ಇರಬೇಕು, ತಲೆಯ ಮೇಲೆ ಹೆಲ್ಮೆಟ್ ಇರಬೇಕು, ಮದ್ಯ ಸೇವಿಸಿರಬಾರದು. ಹಿಂದೆ ಕುಳಿತ ಪತ್ನಿಗೋ ಮಗಳಿಗೋ ಪೆಟ್ಟಾದರೆ ಅವರ ಹೆಸರಿನ ಪಾಲಿಸಿಯೇ ಅವರನ್ನು ಕಾಯಬೇಕು. ಆದ್ದರಿಂದ ಹಿಂಬದಿ ಸವಾರರ ವಿಷಯವನ್ನೂ ಕೇಳಬೇಕು.

ನಮ್ಮಂಥ ವಲಸಿಗರಿಗೆ ಇನ್ನೊಂದು ತೊಡಕಿದೆ. ಭಾರತದ ಕಂಪನಿಗಳ ವಿದೇಶ ಪ್ರವಾಸ ಪಾಲಿಸಿಗಳು ಸಾಮಾನ್ಯವಾಗಿ ಭಾರತದಿಂದ ಹೊರಟು ಭಾರತಕ್ಕೆ ಮರಳುವವರಿಗಾಗಿ ರಚಿತವಾದವು. ಕುವೈತಿನಿಂದ ಹೊರಡುವವರು ಕುವೈತಿನಲ್ಲಿಯೇ ಪಾಲಿಸಿ ಪಡೆಯುವುದು ಸರಿಯಾದ ಮಾರ್ಗ. ಆದರೆ ಇಲ್ಲಿ ಕೊಳ್ಳುವ ಅನೇಕ ಪಾಲಿಸಿಗಳಲ್ಲಿ ಪ್ರಯಾಣಿಕನ ಸ್ವದೇಶ ಸೇರಿರುವುದಿಲ್ಲ. ಅಂದರೆ ಅದೇ ಪಾಲಿಸಿ ಕೊಲಂಬೊದಲ್ಲಿ ನಡೆದು ಗೋವೆಯಲ್ಲಿ ನಡೆಯದೆ ಹೋಗಬಹುದು. ಗಾಯಾಳುವನ್ನು ವಿಮಾನದಲ್ಲಿ ಸಾಗಿಸಬೇಕಾದರೆ ಎಲ್ಲಿಗೆ ಸಾಗಿಸುತ್ತಾರೆ, ಕುವೈತಿಗೋ ಮಂಗಳೂರಿಗೋ ಎಂಬುದನ್ನೂ ಮೊದಲೇ ಕೇಳಿ ತಿಳಿಯಬೇಕು.

ನಾಲ್ಕನೆಯದು ಬೈಕು. ಅದಕ್ಕಾಗುವ ಹಾನಿಯನ್ನು ಬಾಡಿಗೆ ಕರಾರು ಬಹುಮಟ್ಟಿಗೆ ನಮ್ಮ ತಲೆಗೇ ಕಟ್ಟುತ್ತದೆ. ಪ್ರವಾಸ ವಿಮೆಯ 'ಬಾಡಿಗೆ ವಾಹನ' ಭಾಗ ಹೆಚ್ಚಾಗಿ ಕಾರುಗಳಿಗೆ ಸೀಮಿತ. ಹೊರಡುವ ಮೊದಲು ಬೈಕಿನ ಪ್ರತಿ ಗೀರನ್ನೂ ಅಂಗಡಿಯವನ ಎದುರಿನಲ್ಲಿಯೇ ಚಿತ್ರ ತೆಗೆದುಕೊಳ್ಳಿ. ಠೇವಣಿಯಾಗಿ ಹಣ ಕೊಡಿ, ಪಾಸ್‌ಪೋರ್ಟನ್ನು ಕೊಡಬೇಡಿ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಅದು ಸದಾ ಕೇಂದ್ರ ಸರ್ಕಾರದ ಸ್ವತ್ತು. ಅಡವಿಡಲು ಅದು ನಮ್ಮದಲ್ಲ. ಅಂಗಡಿಯವನ ಬಳಿ ಪಾಸ್‌ಪೋರ್ಟ್ ಉಳಿದರೆ ಅವನು ಹೇಳಿದ ಲೆಕ್ಕವೇ ಲೆಕ್ಕವಾಗುತ್ತದೆ.

ಇನ್ನು ಕೆಲಸದ ಕ್ರಮ. ಮೊದಲು ಲೈಸೆನ್ಸು, ಆಮೇಲೆ ಹೋಗುವ ದೇಶದ ನಿಯಮ, ಆಮೇಲೆ ಪಾಲಿಸಿ, ಕೊನೆಗೆ ಬಾಡಿಗೆ. ಪಾಲಿಸಿ ಕೊಳ್ಳುವ ಮೊದಲು ವಿಮಾ ಕಂಪನಿಗೆ ಲಿಖಿತವಾಗಿ ಕೇಳಿ: "ಇಂಥ ದೇಶದಲ್ಲಿ, ಇಷ್ಟು ಸಿಸಿಯ ಬಾಡಿಗೆ ಮೋಟಾರ್ ಸೈಕಲನ್ನು, ಇಂಥ ಲೈಸೆನ್ಸಿನ ಮೇಲೆ ಓಡಿಸುತ್ತೇನೆ, ಗಾಯವಾದರೆ ಚಿಕಿತ್ಸೆಯ ವೆಚ್ಚ ಸಿಗುತ್ತದೆಯೇ?" ಉತ್ತರವನ್ನೂ ಬರಹದಲ್ಲಿಯೇ ಪಡೆಯಿರಿ. ಏಜೆಂಟರ ಬಾಯಿಮಾತು ಪರಿಹಾರದ ಅರ್ಜಿಯ ಜೊತೆಗೆ ಲಗತ್ತಿಸಲು ಬರುವುದಿಲ್ಲ. ಅಪಘಾತವೇ ಆದರೆ ಮೊದಲು ಚಿಕಿತ್ಸೆ. ಒಡನೆಯೇ ಪಾಲಿಸಿಯ ಮೇಲಿರುವ ಸಹಾಯ ಸಂಖ್ಯೆಗೆ ಕರೆ. ಪೊಲೀಸ್ ವರದಿಯ ಪ್ರತಿ. ಆಸ್ಪತ್ರೆಯ ಪ್ರತಿಯೊಂದು ರಸೀದಿ. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ.

ಇಷ್ಟೊಂದು ಮುಂಜಾಗ್ರತೆ ಎರಡು ದಿನದ ಬೈಕಿಗೆ ಬೇಕೇ ಎಂದು ಯುವಕರು ಕೇಳಬಹುದು. ನಮ್ಮ ಸ್ಥಿತಿಯನ್ನು ಒಮ್ಮೆ ನೆನೆಯಿರಿ. ದುಡಿಯುವವರ ಇಕಾಮಾದ ಮೇಲೆ ಮನೆಯವರೆಲ್ಲರ ಇಕಾಮಾ ನಿಂತಿದೆ. ಕುವೈತಿನಿಂದ ಆರು ತಿಂಗಳು ಮೀರಿ ಹೊರಗಿದ್ದರೆ ಇಕಾಮಾ ರದ್ದಾಗುತ್ತದೆಂಬುದನ್ನು ತಾವೆಲ್ಲ ಬಲ್ಲಿರಿ. ಕಾಲು ಮುರಿದು ಪರದೇಶದ ಆಸ್ಪತ್ರೆಯಲ್ಲಿ ಮಲಗಿದವನ ರಜೆ ಮುಗಿಯುತ್ತದೆ, ಆಸ್ಪತ್ರೆಯ ಬಿಲ್ಲು ಬೆಳೆಯುತ್ತದೆ, ಇಲ್ಲಿ ಮಕ್ಕಳ ಶಾಲೆಯ ಶುಲ್ಕದ ದಿನ ಬರುತ್ತದೆ. ಆಗ ಕೂಟದ ಬಂಧುಗಳು ಕೈಯೆತ್ತಿ ಸಹಾಯ ಮಾಡುವರೆಂಬುದು ನಿಜ. ಆದರೆ ಕೆಲವು ದಿನಾರುಗಳ ಪ್ರೀಮಿಯಂ ಮತ್ತು ನವೀಕರಿಸಿದ ಒಂದು ಲೈಸೆನ್ಸಿನಿಂದ ತಪ್ಪಿಸಬಹುದಾಗಿದ್ದ ಭಾರವನ್ನು ನೆರೆಹೊರೆಯವರ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ.

ಬೈಕು ಓಡಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಹಕ್ಕಿದ್ದವರು ಓಡಿಸಲಿ, ಸಂತೋಷಪಡಲಿ. 'ಎ' ವರ್ಗದ ಮುದ್ರೆ ಇಲ್ಲದವರು ಚಾಲಕನಿರುವ ಕಾರನ್ನು ಬಾಡಿಗೆಗೆ ಹಿಡಿದು ಅದೇ ದಾರಿಯನ್ನು ನೋಡಿ ಬರಲಿ. ಇಂದು ಮನೆಗೆ ಹೋದ ಮೇಲೆ ಊರಿನ ಲೈಸೆನ್ಸನ್ನು ಹುಡುಕಿ ತೆಗೆದು, ಅದರ ಮೇಲಿರುವ ದಿನಾಂಕವನ್ನು ಒಮ್ಮೆ ಓದಿಕೊಳ್ಳಿ ಎಂಬುದಷ್ಟೇ ನನ್ನ ವಿನಂತಿ.