ಹುಳುಮನೆಗೂ ಉಸಿರು ಬೇಕು: ಹಳೇ ಕೋಣೆಗೆ ಗಾಳಿದಾರಿ ಮಾಡಿದ್ದು ಹೀಗೆ

ನಮ್ಮದು ಸಾತನೂರು ಹೋಬಳಿ. ಅಪ್ಪನ ಕಾಲದಿಂದಲೂ ಮನೆಯೊಳಗೇ ರೇಷ್ಮೆ ಹುಳ ಮೇಯಿಸಿದವರು ನಾವು. ಹಳೇ ಹೆಂಚಿನ ಮನೆ ಇದ್ದಾಗ ಗಾಳಿಯ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಹೆಂಚಿನ ಸಂದು, ಸೂರಿನ ಸಂದು, ಬೆಳಕಿಂಡಿ ಎಲ್ಲಾ ಸೇರಿ ಆ ಕೆಲಸ ತಾವೇ ಮಾಡುತ್ತಿದ್ದವು. ಆರ್‌ಸಿಸಿ ಹಾಕಿಸಿ, ಒಂದು ಕೋಣೆಯನ್ನ ಹುಳಕ್ಕೇಂತ ಬಿಟ್ಟ ಮೇಲೆ ತೊಂದರೆ ಶುರುವಾಯಿತು.

ಒಂದು ಮಳೆಗಾಲದ ಬೆಳೆ. ಹುಳ ನಾಲ್ಕನೇ ಜ್ವರದಿಂದ ಎದ್ದಿತ್ತು. ಶೀತಗಾಳಿ ಅಂತ ಕಿಟಕಿಗೆಲ್ಲ ಗೋಣಿಚೀಲ ಬಡಿದು, ಬಾಗಿಲು ಜಡಿದು, ಒಳಗೆ ಇದ್ದಿಲು ಕೆಂಡ ಇಟ್ಟೆವು. ರಾತ್ರಿ ಸೊಪ್ಪು ಹಾಕಿದ ಅವ್ವ ಅಲ್ಲೇ ಚಾಪೆ ಹಾಸಿಕೊಂಡು ಮಲಗಿದ್ದಳು. ಬೆಳಗಿನ ಜಾವ ನಾನು ಬಾಗಿಲು ತೆಗೆದರೆ ಅವಳಿಗೆ ಎದ್ದು ನಿಲ್ಲೋಕೂ ಆಗುತ್ತಿಲ್ಲ. "ತಲೆ ಸಿಡೀತಾ ಅದೆ ಕಣಪ್ಪ, ವಾಂತಿ ಬಂದಂಗಾಯ್ತದೆ" ಅಂದಳು. ಎತ್ತಿಕೊಂಡು ಜಗಲಿಗೆ ತಂದು, ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇನ್ನೊಂದೆರಡು ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೋ.

ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಕಾಣಲಿಲ್ಲ ಅಂದರೆ ವಿಷ ಇಲ್ಲ ಅಂತಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ತಕ್ಷಣ ಬಯಲಿಗೆ ಬನ್ನಿ, 108ಕ್ಕೆ ಫೋನ್ ಮಾಡಿ. ಹುಳುಮನೆಯಲ್ಲಿ ಕೆಂಡ ಇಟ್ಟು ಮಲಗುವ ಅಭ್ಯಾಸ ಇವತ್ತೇ ಬಿಡಿ.

ಆ ಬೆಳೆ ಸುಣ್ಣಕಟ್ಟು, ಸಪ್ಪೆ ರೋಗ ಬಂದು ಅರ್ಧಕ್ಕರ್ಧ ಹೋಯಿತು. ಅವ್ವ ಚೇತರಿಸಿಕೊಂಡ ಮೇಲೆ ಒಂದೇ ಮಾತು ಕೇಳಿದಳು: "ನಂಗೇ ಉಸಿರು ಕಟ್ಟಿದ್ ಜಾಗ್ದಲ್ಲಿ ಹುಳ ಹೆಂಗ್ಲಾ ಬದುಕ್ತದೆ?"

ನೀರಿನ ಲೆಕ್ಕ ನೋಡಿ

100 ಮೊಟ್ಟೆ ದ್ವಿತಳಿ ಹುಳ ಸುಮಾರು ಒಂದು ಟನ್ ಸೊಪ್ಪು ತಿನ್ನುತ್ತೆ. ಅದರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಐದನೇ ಹಂತದ ಏಳೆಂಟು ದಿನದಲ್ಲೇ. ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ 70ರಷ್ಟು ನೀರು. ಅಂದರೆ ಒಂದು ವಾರದಲ್ಲಿ ಐನೂರು ಲೀಟರಿಗೂ ಹೆಚ್ಚು ನೀರನ್ನ ನಾವೇ ಹೊತ್ತು ತಂದು ಕೋಣೆಗೆ ಸುರಿದಂಗೆ. ಒಂದಷ್ಟು ಹುಳದ ಮೈಗೆ, ಒಂದಷ್ಟು ಹಿಕ್ಕೆಗೆ ಹೋಗುತ್ತೆ. ಉಳಿದಿದ್ದು ಗಾಳಿಗೇ ಸೇರಬೇಕು. ಆ ಗಾಳಿ ಆಚೆ ಹೋಗದಿದ್ದರೆ ಹಾಸಿಗೆ ಬೆವರುತ್ತೆ, ಹಿಕ್ಕೆ ಕೊಳೆಯುತ್ತೆ, ರೋಗ ಬರುತ್ತೆ.

ಐದನೇ ಹಂತಕ್ಕೆ 23–24 ಡಿಗ್ರಿ ಶಾಖ, 70% ತೇವಾಂಶ ಸಾಕು. ಚಂದ್ರಿಕೆಗೆ ಹಾಕಿದ ಮೇಲೆ 60–65% ಇರಬೇಕು. ಗೋಡೆಗೆ ಒಂದು ಡಿಜಿಟಲ್ ತೇವಾಂಶ ಮೀಟರ್ ನೇತುಹಾಕಿ, ಸೊಪ್ಪು ಹಾಕುವಾಗಲೆಲ್ಲ ಮೊಬೈಲಲ್ಲಿ ಫೋಟೊ ತೆಗೆದಿಡಿ. ಬೆಳೆ ಮುಗಿದ ಮೇಲೆ ಎಲ್ಲಿ ತಪ್ಪಿದೆವು ಅಂತ ಆ ಫೋಟೊಗಳೇ ಹೇಳುತ್ತವೆ.

ಮೊದಲು ಊದುಬತ್ತಿ ಪರೀಕ್ಷೆ

ಗೋಡೆ ಒಡೆಯೋಕೆ ಮೊದಲು, ಹುಳ ಇಲ್ಲದಾಗ, ಊದುಬತ್ತಿ ಹಚ್ಚಿ ಕೋಣೆಯ ನಾಲ್ಕು ಮೂಲೆಯಲ್ಲೂ ಹಿಡಿದು ವೀಡಿಯೊ ಮಾಡಿ. ಹೊಗೆ ಎಲ್ಲಿ ನಿಂತಲ್ಲೇ ಸುತ್ತುತ್ತೋ ಅಲ್ಲಿ ಗಾಳಿ ಸತ್ತಿದೆ ಅಂತ ಅರ್ಥ. ನಮ್ಮಲ್ಲಿ ಕಿಟಕಿ ತೆಗೆದಿದ್ದರೂ ಛಾವಣಿ ಕೆಳಗಿನ ಎರಡು ಅಡಿ ಪೂರಾ ಹಾಗೇ ಇತ್ತು. ಬಿಸಿಗಾಳಿ ಮೇಲೇರುತ್ತೆ, ಕಿಟಕಿ ನಡುಮಟ್ಟದಲ್ಲಿರುತ್ತೆ. ಮೇಲೆ ದಾರಿ ಇಲ್ಲದಿದ್ದರೆ ಅದು ಹೋಗೋದಾದರೂ ಎಲ್ಲಿಗೆ?

ನಾವು ಮಾಡಿದ್ದು

ನಮ್ಮ ಕೋಣೆ 20×15 ಅಡಿ, ಎತ್ತರ 10 ಅಡಿ.

1. ಒಂದು ಗೋಡೆಯಲ್ಲಿ ನೆಲದಿಂದ ಸುಮಾರು ಒಂದಡಿ ಮೇಲೆ ಮೂರು ಗಾಳಿಕಿಂಡಿ. ಎದುರು ಗೋಡೆಯಲ್ಲಿ ಛಾವಣಿಗೆ ಹತ್ತಿರ ಮೂರು. ತಂಪುಗಾಳಿ ಕೆಳಗಿಂದ ಒಳಗೆ, ಬಿಸಿಗಾಳಿ ಮೇಲಿಂದ ಆಚೆ. ಇದಕ್ಕೆ ಕರೆಂಟ್ ಬೇಕಿಲ್ಲ.

2. ಮೇಲಿನ ಮಧ್ಯದ ಕಿಂಡಿಗೆ ಎಕ್ಸಾಸ್ಟ್ ಫ್ಯಾನ್. ನಮ್ಮ ಕೋಣೆಯಲ್ಲಿರೋದು 3,000 ಘನ ಅಡಿ, ಅಂದರೆ ಸುಮಾರು 85 ಘನ ಮೀಟರ್ ಗಾಳಿ. ಫ್ಯಾನಿನ ಡಬ್ಬದ ಮೇಲೆ ಗಂಟೆಗೆ 1,000 ಘನ ಮೀಟರ್ ಅಂತ ಇದ್ದರೆ, ಗಂಟೆಗೆ ಹನ್ನೆರಡು ಸಲ ಗಾಳಿ ಬದಲಾಯಿಸಬಲ್ಲದು. ಬಲೆ ಅಡ್ಡ ಇದ್ದರೆ ಅದಕ್ಕಿಂತ ಕಡಿಮೆ. ಅಂಗಡಿಯಲ್ಲಿ ರೆಕ್ಕೆ ಅಳತೆ ಮಾತ್ರ ಕೇಳಬೇಡಿ, ಈ ಲೆಕ್ಕವನ್ನೂ ನೋಡಿ.

3. ಫ್ಯಾನನ್ನ ಕಿಟಕಿ ಪಕ್ಕ ಇಡಬೇಡಿ. ಪಕ್ಕದ ಕಿಟಕಿಯಿಂದ ಬಂದ ಗಾಳಿ ಹಂಗೇ ಆಚೆ ಹೋಗುತ್ತೆ, ಹುಳದ ಹತ್ತಿರ ಸುಳಿಯೋದೇ ಇಲ್ಲ. ಒಳಗೆ ಬರೋಕೆ ದಾರಿ ಬಿಡದೆ ಫ್ಯಾನ್ ಹಾಕಿದರೂ ಅಷ್ಟೇ, ಬರೀ ಸದ್ದು.

4. ಎಲ್ಲ ಕಿಂಡಿಗೂ ಊಜಿ ನೊಣದ ಬಲೆ. ಈ ನೊಣ ಕರ್ನಾಟಕಕ್ಕೆ ಬಂದದ್ದು 1980ರಲ್ಲಿ, ಇವತ್ತಿಗೂ ಬಿಟ್ಟಿಲ್ಲ. ಬಲೆ ಗಾಳಿಯನ್ನ ತಡೆಯುತ್ತೆ, ಅದಕ್ಕೇ ಕಿಂಡಿ ದೊಡ್ಡದಾಗಿರಲಿ. ದೂಳು ಕಟ್ಟಿದ ಬಲೆ ಗೋಡೆಗೆ ಸಮ, ಪ್ರತಿ ಬೆಳೆ ಮುಗಿದ ಮೇಲೆ ತೊಳೆಯಿರಿ.

5. ಪ್ರತಿ ಕಿಂಡಿಗೂ ಬಿಗಿಯಾದ ಮುಚ್ಚಳ. ಸೋಂಕು ನಿವಾರಣೆ ಮಾಡುವಾಗ ಕೋಣೆ ಪೂರ್ತಿ ಮುಚ್ಚಬೇಕಲ್ಲ. ಶೀತಗಾಳಿ ಬೀಸಿದಾಗ ಆ ದಿಕ್ಕಿನದ್ದು ಮಾತ್ರ ಮುಚ್ಚಿ, ಎದುರಿನದ್ದು ಬಿಟ್ಟಿರಿ. ಶಾಖ ಬೇಕಾದರೆ ಎಲೆಕ್ಟ್ರಿಕ್ ಹೀಟರ್ ಬಳಸಿ. ತೇವದ ಜಾಗ, ಅರ್ಥಿಂಗ್ ಸರಿಯಾಗಿರಲಿ.

ಒಡೆಯುವ ಮುಂಚೆ

ಲಿಂಟೆಲ್, ಬೀಮ್, ಪಿಲ್ಲರ್ ಮುಟ್ಟಬೇಡಿ. ಗೋಡೆಯೊಳಗೆ ವೈರ್ ಎಲ್ಲಿ ಹೋಗಿದೆ ನೋಡಿಕೊಳ್ಳಿ. ಚಪ್ಪಡಿ ಕಲ್ಲಿನ ಮನೆಯಾದರೆ ಚಪ್ಪಡಿ ಕೂತಿರುವ ಕಲ್ಲು ಕೀಳಲೇಬಾರದು. ಬಾಗಿಲು, ಕಿಟಕಿಯ ಮೇಲ್ಭಾಗವನ್ನೇ ಜಾಲರಿ ಮಾಡಿಸಿ. ಶೀಟಿನ ಮನೆಯಾದರೆ ಗಾಳಿಗೆ ತಾನೇ ತಿರುಗುವ ಟರ್ಬೈನ್ ವೆಂಟಿಲೇಟರ್ ಹಾಕಿಸಬಹುದು, ಆದರೆ ಸುತ್ತ ಸೋರದಂತೆ ಸೀಲ್ ಮಾಡಿಸಿ. ನಂಬಿಕಸ್ಥ ಗಾರೆ ಕೆಲಸದವರನ್ನ ಒಂದು ಸಲ ಕರೆಸಿ ತೋರಿಸಿದರೆ ಒಳ್ಳೇದು.

ಗೂಡು ಕಟ್ಟುವಾಗ ಮರೀಬೇಡಿ

ಸುಮಾರು ಜನ ಎಡವೋದು ಇಲ್ಲೇ. ಹಣ್ಣಾದ ಹುಳ ಚಂದ್ರಿಕೆ ಹತ್ತಿದರೆ ಕೆಲಸ ಮುಗೀತು ಅಂತ ಬಾಗಿಲು ಹಾಕ್ತೀವಿ. ಆದರೆ ಗೂಡು ಕಟ್ಟೋಕೆ ಮುಂಚೆ ಹುಳ ಮೈಯಲ್ಲಿನ ನೀರನ್ನ ಹೊರಹಾಕುತ್ತೆ. ಆ ತೇವ ಒಳಗೇ ನಿಂತರೆ ನೂಲು ಬಿಚ್ಚಾಣಿಕೆ ಕೆಡುತ್ತೆ. ಗೂಡು ದಪ್ಪ ಇದ್ದರೂ ರಾಮನಗರ ಮಾರುಕಟ್ಟೆಯಲ್ಲಿ ರೀಲರ್ ಕೈಗೆತ್ತಿಕೊಂಡು ನೋಡಿ ರೇಟು ಇಳಿಸ್ತಾನೆ. ಮೊದಲ ಎರಡು ದಿನ ಎಲ್ಲ ಕಿಂಡಿಯೂ ತೆಗೆದಿರಲಿ, ಜೋರು ಗಾಳಿ ನೇರವಾಗಿ ಚಂದ್ರಿಕೆಗೆ ಬಡಿಯದಿದ್ದರೆ ಸಾಕು.

ಕಿಂಡಿ ಹಾಕಿಸಿದರೆ ರೋಗವೇ ಬರಲ್ಲ ಅಂತ ನಾನು ಹೇಳಲ್ಲ. ಸೋಂಕು ನಿವಾರಣೆ, ಸೊಪ್ಪಿನ ಗುಣ, ಚಾಕಿ ಎಲ್ಲಾ ಸರಿ ಇರಬೇಕು. ಆದರೆ ಈಗ ನಮ್ಮ ಕೋಣೆಗೆ ಕಾಲಿಟ್ಟರೆ ಮುಂಚಿನ ಹಾಗೆ ಘಾಟು ಹೊಡೆಯಲ್ಲ. ಅವ್ವ ಈಗಲೂ ರಾತ್ರಿ ಸೊಪ್ಪು ಹಾಕ್ತಾಳೆ, ಮಲಗೋದು ಮಾತ್ರ ಜಗಲಿಯಲ್ಲಿ.

ಈ ವಾರ ಒಂದು ಕೆಲಸ ಮಾಡಿ. ಮುಂದಿನ ಚಾಕಿ ತರುವ ಮುಂಚೆ, ಒಂದು ಊದುಬತ್ತಿ ಹಚ್ಚಿಕೊಂಡು ನಿಮ್ಮ ಹುಳುಮನೆಯೊಳಗೆ ಹತ್ತು ನಿಮಿಷ ನಿಂತು ನೋಡಿ.